ಗುಂಡು ಎಸೆತಕ್ಕೆ ಗಣಿತದ ಟ್ಯೂಷನ್

ಫಜೀತಿಗಳು ಬೆಲ್ ಒತ್ತಿ ಒಳಗೆ ಬರುವ ಮನೆಗಳು ಕೆಲವಿರುತ್ತವೆ. ನಾನು ಹಾಗಲ್ಲ. ನಾನೇ ಬಾಗಿಲು ತೆರೆದು, ಚಪ್ಪಲಿ ಮೆಟ್ಟಿಕೊಂಡು, ಫಜೀತಿ ಇರುವಲ್ಲಿಗೆ ನಡೆದು ಹೋಗುವವಳು.

ಹುಟ್ಟಿದ್ದು ಮುಲ್ಕಿಯ ಹತ್ತಿರ. ದುಡಿದದ್ದೆಲ್ಲ ಬಹ್ರೇನಿನಲ್ಲಿ, ನರ್ಸ್ ಆಗಿ. ನಿವೃತ್ತಿಯಾದ ಮೇಲೆ ಊರಿಗೆ ಹೊರಡಬೇಕಿತ್ತು. ಆದರೆ ಟುಬ್ಲಿಯಲ್ಲಿ ನಮ್ಮವರ ಕಬ್ಬಿಣ ಕಡೆಯುವ ಲೇತ್ ವರ್ಕ್‌ಶಾಪ್ ಇತ್ತು. ಅವರು ಹೆಂಡತಿಯನ್ನು ಬಿಟ್ಟಾರು, ಲೇತ್ ಮೆಷೀನನ್ನು ಬಿಡುವವರಲ್ಲ. ಹಾಗಾಗಿ ಗುಫೂಲಿನ ಫ್ಲ್ಯಾಟಿನಲ್ಲೇ ಉಳಿದೆವು. ಕ್ರೀಡೆಗೂ ನನಗೂ ಇದ್ದ ನಂಟು ಇಷ್ಟೇ: ಡಾಕ್ಟರು ಕರೆದಾಗ ವಾರ್ಡಿನ ಆ ತುದಿಯಿಂದ ಈ ತುದಿಗೆ ಓಡಿದ್ದು. ಅಂಥವಳು ಅರವತ್ತು ದಾಟಿದ ಮೇಲೆ ಒಬ್ಬ ಹುಡುಗಿಗೆ ಗುಂಡು ಎಸೆತದ ತರಬೇತಿ ಕೊಡಲು ಹೊರಟೆ. ಆ ವರ್ಷ ನಡೆದದ್ದನ್ನು ಈಗಲೂ ನೆನೆದು ಒಬ್ಬಳೇ ನಗುತ್ತೇನೆ.

ಹೊಟ್ಟೆನೋವಿನ ಸಾಲು

ಮಕ್ಕಳ ಶಾಲೆಯೊಂದರ ಕ್ರೀಡಾದಿನಕ್ಕೆ ಪ್ರಥಮ ಚಿಕಿತ್ಸೆ ನೋಡಿಕೊಳ್ಳಲು ನನ್ನನ್ನು ಕರೆದಿದ್ದರು. ಒಂದು ಡೇರೆ, ಒಂದು ಮಂಚ, ಒಂದು ಡಬ್ಬಿ ಗ್ಲೂಕೋಸ್. ಬೆಳಗಿನ ಹೊತ್ತು ಒಬ್ಬರೂ ಇಲ್ಲ. ಮೈಕಿನಲ್ಲಿ "ಹುಡುಗಿಯರ ಎಂಟುನೂರು ಮೀಟರ್" ಎಂದು ಕೂಗಿದರು ನೋಡಿ, ಡೇರೆಯ ಮುಂದೆ ಹನ್ನೊಂದು ಹುಡುಗಿಯರ ಸಾಲು. ಎಲ್ಲರಿಗೂ ಹೊಟ್ಟೆನೋವು. ಎಲ್ಲರಿಗೂ ಬಲಗಡೆ.

ಇಬ್ಬರದು ನಿಜವಾದ ನೋವು. ತಿಂಗಳ ದಿನಗಳು. ಅವರನ್ನು ಮಲಗಿಸಿ, ಬಿಸಿನೀರಿನ ಚೀಲ ಕೊಟ್ಟೆ. ಉಳಿದವರಿಗೆ, "ಬಲಗಡೆ ನೋವಾದರೆ ಅಪೆಂಡಿಕ್ಸ್ ಇರಬಹುದು ಮಕ್ಕಳೇ. ಮೊದಲು ಒಂದೊಂದು ಇಂಜೆಕ್ಷನ್ ಕೊಡುವ" ಎಂದೆ. ಎಂಟುನೂರು ಮೀಟರಿನಲ್ಲಿ ಅವರು ಆಮೇಲೆ ಎಷ್ಟು ಜೋರಾಗಿ ಓಡಿದರೋ ಗೊತ್ತಿಲ್ಲ. ನನ್ನ ಡೇರೆಯಿಂದ ಓಡಿದ್ದಕ್ಕೆ ಮೆಡಲ್ ಕೊಡಬಹುದಿತ್ತು.

ಡೇರೆಯ ಹಿಂದೆ ಇನ್ನೊಬ್ಬಳು ಕೂತಿದ್ದಳು. ಒಂಬತ್ತನೇ ಕ್ಲಾಸಿನವಳು, ಅಗಲ ಭುಜ, ತಗ್ಗಿಸಿದ ತಲೆ.

"ನಿನಗೂ ಬಲಗಡೆಯಾ?"

"ಇಲ್ಲ ಆಂಟಿ. ನಂಗೇನೂ ಆಗಿಲ್ಲ. ನನ್ನನ್ನ ಯಾವ ಗೇಮ್‌ಗೂ ತಗೊಂಡಿಲ್ಲ. ದಪ್ಪ ಇದೀನಲ್ಲ, ಅದಕ್ಕೆ."

ಅಷ್ಟರಲ್ಲಿ ಶಾಲೆಯ ಇಬ್ಬರು ಕೆಲಸದವರು ನೀರಿನ ದೊಡ್ಡ ಬಾಟಲಿಯನ್ನು ಕೂಲರಿನ ಮೇಲೆ ಕವುಚಿ ಹಾಕಲು ಒದ್ದಾಡುತ್ತಿದ್ದರು. ಒಬ್ಬ ಹಿಡಿದರೆ ಇನ್ನೊಬ್ಬ ಬಿಡುತ್ತಿದ್ದ. ನೀರೆಲ್ಲ ಪ್ಯಾಂಟಿನ ಮೇಲೆ. ಈ ಹುಡುಗಿ ಎದ್ದು ಹೋಗಿ, "ಅಂಕಲ್, ಸ್ವಲ್ಪ ಜಾಗ ಬಿಡಿ" ಎಂದು, ಬಾಟಲಿಯನ್ನು ಎತ್ತಿ, ಮಗುವಿಗೆ ಟೊಪ್ಪಿ ಹಾಕಿದ ಹಾಗೆ ಕೂಲರಿನ ಮೇಲಿಟ್ಟು, ಮತ್ತೆ ಬಂದು ತಲೆ ತಗ್ಗಿಸಿ ಕೂತಳು.

ಅದೇ ಹೊತ್ತಿಗೆ ಆಟದ ಮೇಷ್ಟ್ರು ಆ ಕಡೆ ಬಂದರು. "ಸಿಸ್ಟರ್, ಈ ಹುಡುಗಿಗೆ ಏನು ತೊಂದರೆ?"

"ಹುಡುಗಿಗೆ ಎಂತದೂ ಇಲ್ಲ ಸರ್. ನಿಮ್ಮ ಕಣ್ಣನ್ನು ಒಮ್ಮೆ ತೋರಿಸಿಕೊಳ್ಳಿ" ಎಂದೆ.

ಅಮ್ಮನ ಒಪ್ಪಿಗೆ

ಮೇಷ್ಟ್ರಿಗೆ ಕಣ್ಣು ತೆರೆಯಿತು. ಗುಂಡನ್ನು ಕುತ್ತಿಗೆಗೆ ಹೇಗೆ ಒತ್ತಿಹಿಡಿಯಬೇಕು, ಕಾಲನ್ನು ಹೇಗೆ ತಿರುಗಿಸಬೇಕು ಎಂಬುದನ್ನೆಲ್ಲ ತಾವೇ ಹೇಳಿಕೊಡುವುದಾಗಿ ಹೇಳಿದರು. ಆದರೆ ಇಲ್ಲಿ ರಜೆಯ ದಿನವಾದ ಶುಕ್ರವಾರ ಬೆಳಿಗ್ಗೆ ಅಭ್ಯಾಸ ಮಾಡಿಸಲು ಒಬ್ಬ ಹೆಂಗಸು ಜೊತೆಗಿದ್ದರೆ ಮಾತ್ರ ಮನೆಯವರು ಕಳಿಸಿಯಾರು. ಆ ಹೆಂಗಸು ಯಾರು ಎಂದು ಹುಡುಕುವಾಗ ಎಲ್ಲರೂ ನನ್ನ ಮುಖ ನೋಡಿದರು.

ಹುಡುಗಿಯ ಮನೆ ನಮ್ಮ ಬೀದಿಯಲ್ಲೇ, ನಾಲ್ಕನೇ ಮಹಡಿ. ಮೈಸೂರು ಕಡೆಯವರು. ತಂದೆ ಫೈನಾನ್ಸ್ ಕಂಪೆನಿಯಲ್ಲಿ ಕೆಲಸ. ತಾಯಿ ಒಳ್ಳೆಯವರು, ಆದರೆ ಮಗಳ ಸೊಂಟವೇ ಅವರ ಚಿಂತೆ. ಫ್ರಿಜ್ಜಿನ ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದರು: ಬೆಳಿಗ್ಗೆ ಸೇಬು, ಮಧ್ಯಾಹ್ನ ಒಂದು ಚಪಾತಿ ಮತ್ತು ಸೌತೆಕಾಯಿ, ರಾತ್ರಿ ಸೂಪು. ಓದಿಯೇ ನನಗೆ ತಲೆ ತಿರುಗಿತು.

"ಗುಂಡು ಎಸೆಯೋದಾ?" ಎಂದರು ತಾಯಿ. "ಬೇರೇನೂ ಸಿಗ್ಲಿಲ್ವಾ ಆಂಟಿ? ಬ್ಯಾಡ್ಮಿಂಟನ್ ಅಂದಿದ್ರೆ ಕಣ್ಣು ಮುಚ್ಕೊಂಡು ಕಳಿಸ್ತಿದ್ದೆ. ಡ್ರೆಸ್ಸಾದ್ರೂ ಚೆನ್ನಾಗಿರುತ್ತೆ."

"ಎಕ್ಸರ್‌ಸೈಜ್ ಆಗುತ್ತಲ್ಲ ಕಣೇ" ಎಂದರು ತಂದೆ, ಲ್ಯಾಪ್‌ಟಾಪಿನ ಹಿಂದಿನಿಂದ.

"ನೀವು ಸುಮ್ನಿರಿ. ಈಗ್ಲೇ ಬ್ಲೌಸಿನ ತೋಳು ಹಿಡಿಯಲ್ಲ. ಟೈಲರ್ ಕೇಳ್ತಾನೆ, ಅಳತೆ ಮಗಂದು ಕೊಟ್ರಾ ಅಂತ."

ಹುಡುಗಿ ಬಾಗಿಲ ಸಂದಿಯಿಂದ ನೋಡುತ್ತಿದ್ದಳು. ಆ ಕಣ್ಣು ನೋಡಿ ನಾನು ನನ್ನ ಇಡೀ ವೃತ್ತಿಜೀವನದಲ್ಲಿ ಹೇಳದ ಒಂದು ಸುಳ್ಳು ಹೇಳಿದೆ. "ಗುಂಡು ಎಸೆದರೆ ಸೊಂಟ ಸಣ್ಣ ಆಗ್ತದೆ ಮಾರಾಯ್ರೆ. ಡಾಕ್ಟರುಗಳೇ ಹೇಳುವುದು."

ತಾಯಿ ಷರತ್ತು ಹಾಕಿದರು. ಜನವರಿಯಲ್ಲಿ ಶಾಲೆಗಳ ನಡುವಿನ ಕ್ರೀಡಾಕೂಟ ಇದೆಯಲ್ಲ, ಅಲ್ಲಿಯವರೆಗೆ ಮಾತ್ರ. ಆಮೇಲೆ ಹತ್ತನೇ ಕ್ಲಾಸು, ಗುಂಡೂ ಇಲ್ಲ ಗಿಂಡೂ ಇಲ್ಲ. ಎರಡನೆಯದು, ಕನ್ನಡ ಸಂಘದ ಹೆಂಗಸರಿಗೆ ಯಾರಿಗೂ ಗೊತ್ತಾಗಬಾರದು. ಕೇಳಿದವರಿಗೆ ಶುಕ್ರವಾರ ಗಣಿತದ ಟ್ಯೂಷನ್ ಎಂದು ಹೇಳುವುದು.

ಒಪ್ಪಿ ಹೊರಟೆ. ಲಿಫ್ಟಿನವರೆಗೆ ಬಂದ ತಾಯಿ, ಆಚೀಚೆ ನೋಡಿ ಮೆಲ್ಲಗೆ ಕೇಳಿದರು: "ಆಂಟಿ, ಸೊಂಟ ನಿಜವಾಗ್ಲೂ ಕರಗುತ್ತಾ? ಹಾಗಿದ್ರೆ ಶುಕ್ರವಾರ ನಾನೂ ಬರ್ಲಾ?"

ನಮ್ಮವರ ತೂಕ

ಶಾಲೆಯ ಗುಂಡು ಬೀರುವಿನಲ್ಲಿ, ಬೀರುವಿನ ಬೀಗದ ಕೈ ಮೇಷ್ಟ್ರ ಜೇಬಿನಲ್ಲಿ, ಮೇಷ್ಟ್ರು ತಂಗಿಯ ಮದುವೆಗೆಂದು ಊರಿನಲ್ಲಿ. ನಮ್ಮವರು ಎದೆ ತಟ್ಟಿದರು. "ಒಂದು ಕಬ್ಬಿಣದ ಉಂಡೆಗೆ ಇಷ್ಟು ಗೌಜಿಯಾ? ಎಷ್ಟು ಬೇಕು?"

"ಮೂರು ಕಿಲೋ."

ಮೀನಾ ಸಲ್ಮಾನ್ ಬಂದರಿನ ಕಡೆಯಿಂದ ತಂದಿದ್ದ ಹಳೆಯ ಹಡಗಿನ ಶಾಫ್ಟಿನ ತುಂಡೊಂದು ಬಿದ್ದಿತ್ತು. ಅದನ್ನೇ ಲೇತಿಗೆ ಕೊಟ್ಟು, ಎರಡು ದಿನ ಕಡೆದು, ಕನ್ನಡಿಯ ಹಾಗೆ ಹೊಳೆಯುವ ಗುಂಡು ಮಾಡಿಕೊಟ್ಟರು. ವರ್ಕ್‌ಶಾಪಿನ ಪಕ್ಕದ ಖಾಲಿ ಮರಳು ಜಾಗದಲ್ಲಿ ಅಭ್ಯಾಸ ಶುರುವಾಯಿತು. ಎದುರಿನ ಗ್ಯಾರೇಜಿನ ಪಠಾಣ ಮೆಕ್ಯಾನಿಕ್‌ಗಳು ಮೊದಲ ದಿನ ನಗುತ್ತಾ ನೋಡಿದರು. ಎರಡನೆಯ ದಿನ ತಮ್ಮ ಗಾಡಿಗಳನ್ನು ಸ್ವಲ್ಪ ಹಿಂದೆ ತೆಗೆದುಕೊಂಡರು.

ಆದರೆ ಆರು ವಾರವಾದರೂ ಗುಂಡು ದೂರ ಹೋಗಲಿಲ್ಲ. ಮೇಷ್ಟ್ರು ಬರೆದುಕೊಟ್ಟಿದ್ದ ಅಳತೆಗೆ ನಾವು ಎಳೆದ ಗೆರೆಗಿಂತ ಎರಡು ಹೆಜ್ಜೆ ಈಚೆಗೇ ಬೀಳುತ್ತಿತ್ತು. ಒಂದು ಶುಕ್ರವಾರ ಹುಡುಗಿ ಮರಳಿನ ಮೇಲೆ ಕೂತು ಅತ್ತೇಬಿಟ್ಟಳು.

"ನಂಗೆ ಆಗಲ್ಲ ಆಂಟಿ. ಬಿಟ್ಬಿಡ್ತೀನಿ."

"ಬಿಡು ಮಗಾ. ಮತ್ತೆ ಇಷ್ಟು ದಿನ ಯಾಕೆ ಬಂದದ್ದು?"

ಅವಳು ಮೂಗು ಒರೆಸಿಕೊಂಡಳು. "ಎಲ್ಲಾ ಕಡೆ ನನ್ನ ಕೈ ಟೂ ಬಿಗ್ ಆಂಟಿ. ಇಲ್ಲಿ ಮಾತ್ರ ಕರೆಕ್ಟ್ ಸೈಜ್ ಅನ್ಸುತ್ತೆ."

ನಾನು ಗುಂಡು ಎತ್ತಿಕೊಂಡೆ. ಹೆರಿಗೆ ವಾರ್ಡಿನಲ್ಲಿ ವರ್ಷಗಟ್ಟಲೆ ಮೂರು ಕಿಲೋದ ಮಕ್ಕಳನ್ನು ಎತ್ತಿ ಆಡಿಸಿದ ಕೈ ನನ್ನದು. ಇದು ಆ ತೂಕ ಅಲ್ಲವೇ ಅಲ್ಲ. ತಕ್ಷಣ ಮೂಲೆಯ ಕೋಲ್ಡ್ ಸ್ಟೋರ್ ಎಂಬ ದಿನಸಿ ಅಂಗಡಿಗೆ ಹೋಗಿ, ಅಂಗಡಿಯ ಮಲಯಾಳಿಯ ತಕ್ಕಡಿಯಿಂದ ಈರುಳ್ಳಿ ಇಳಿಸಿ, ಗುಂಡು ಇಟ್ಟೆ. ನಾಲ್ಕು ಕಿಲೋ ಆರುನೂರು ಗ್ರಾಂ.

ವರ್ಕ್‌ಶಾಪಿಗೆ ಹೋಗಿ ನಮ್ಮವರನ್ನು ಹಿಡಿದುಕೊಂಡೆ. ಅವರು ಕನ್ನಡಕ ಹಣೆಗೇರಿಸಿ ನಿಧಾನಕ್ಕೆ ಹೇಳಿದರು: "ಸ್ವಲ್ಪ ಕೂಡಿಸಿಯೇ ಮಾಡಿದ್ದು ಮಾರಾಯ್ತಿ. ಮೂರು ಕಿಲೋ ಅಂತ ಹೇಳಿ ಕಡಿಮೆ ಬಂದರೆ ಗಿರಾಕಿಗೆ ಬೇಜಾರಾಗುವುದಿಲ್ಲವಾ?"

ಮತ್ತೆ ಕಡೆದು ಸರಿಯಾಗಿ ಮೂರು ಕಿಲೋ ಮಾಡಿಕೊಟ್ಟರು. ಅದರ ಮೊದಲ ಎಸೆತ ಮೇಷ್ಟ್ರ ಗೆರೆ ದಾಟಿ, ಮರಳು ದಾಟಿ, ಉರುಳುತ್ತಾ ಹೋಗಿ ಗ್ಯಾರೇಜಿನ ಮುಂದೆ ನಿಂತಿದ್ದ ಕಾರಿನ ಬಾಗಿಲಿಗೆ ಬಡಿಯಿತು. ನಾನು ಓಡಿ ಹೋಗಿ ಮಾಫಿ ಕೇಳಿದೆ. ಮೆಕ್ಯಾನಿಕ್ ಬಾಗಿಲು ಸವರಿ ನೋಡಿದ. "ಚಿಂತೆ ಬೇಡ ಖಾಲಾ. ಡೆಂಟ್ ತೆಗೆಸಲಿಕ್ಕೆ ಬಂದ ಗಾಡಿ. ಎಂಟು ಇದ್ದವು, ಒಂಬತ್ತಾಯಿತು."

ಡಯಟ್

ಸೌತೆಕಾಯಿ ತಿಂದು ಗುಂಡು ಎಸೆಯಲು ಆಗುತ್ತದೆಯೇ? ನಾನು ಶುಕ್ರವಾರ ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದೆ. ಹೆಸರುಕಾಳಿನ ಉಸಲಿ, ನೆಲಗಡಲೆ ಚಿಕ್ಕಿ, ಬಾಳೆಹಣ್ಣು, ಮೊಸರನ್ನ. ನಮ್ಮವರ ವ್ಯಾನಿನಲ್ಲಿ ಕೂತು ಹುಡುಗಿ ತಿನ್ನುವುದು ನೋಡಿದರೆ ನನ್ನ ಹೊಟ್ಟೆ ತುಂಬುತ್ತಿತ್ತು.

ಒಂದು ದಿನ ತಾಯಿಯ ಫೋನ್. "ಆಂಟಿ, ಇಷ್ಟು ಡಯಟ್ ಮಾಡ್ಸಿದ್ರೂ ಎರಡು ಕಿಲೋ ಜಾಸ್ತಿ ಆಗಿದಾಳೆ. ಥೈರಾಯ್ಡ್ ಇರಬಹುದಾ?"

"ಮೆಷೀನು ಹಾಳಾಗಿರಬಹುದು" ಎಂದೆ.

ಅವರು ಹೊಸ ಮೆಷೀನು ತಂದರು. ಅದೂ ಅಷ್ಟೇ ತೋರಿಸಿತು. ಡಾಕ್ಟರ ಹತ್ತಿರ ಹೋಗುವ ಮಾತು ಬಂದಾಗ ನನಗೆ ಹೆದರಿಕೆಯಾಗಿ, ಮನೆಗೆ ಹೋಗಿ ತಪ್ಪೊಪ್ಪಿಕೊಂಡೆ. ಉಸಲಿಯ ಕಥೆ ಮುಗಿಯುವ ಮೊದಲೇ ತಂದೆ ಕೆಮ್ಮಿದರು.

"ಅದು... ಸ್ಕೂಲಿಂದ ಕರ್ಕೊಂಡು ಬರುವಾಗ ದಿನಾ ಎರಡು ಸಮೋಸ ಕೊಡಿಸ್ತಿದ್ದೆ. ಮಗು ಮುಖ ಸಪ್ಪಗಿರುತ್ತಲ್ಲ."

ತಾಯಿ ಗಂಡನನ್ನು ಸುಡುವ ಹಾಗೆ ನೋಡಿದರು. ಹುಡುಗಿ ಸೋಫಾದ ಮೂಲೆಯಿಂದ, "ಅಮ್ಮ, ನೀನು ಮಲಗೋ ಮುಂಚೆ ಕಲಸಿ ಕೊಡೋ ತುಪ್ಪದನ್ನ ಹೇಳ್ಲಾ?" ಎಂದಳು.

ಆ ಮನೆಯಲ್ಲಿ ಡಯಟ್ ಮಾಡುತ್ತಿದ್ದದ್ದು ಫ್ರಿಜ್ಜಿನ ಮೇಲಿನ ಚೀಟಿ ಒಂದೇ.

ಕೂಟದ ದಿನ

ಜನವರಿ ಬಂತು. ನನಗೆ ಮೂರು ದಿನ ನಿದ್ದೆ ಇಲ್ಲ. ಇದು ಮುಗಿದರೆ ಅವಳ ಎಸೆತವೂ ಮುಗಿಯಿತು. ತಾಯಿ ಷರತ್ತನ್ನು ಮರೆತಿರಲಿಲ್ಲ. ಹಿಂದಿನ ಸಂಜೆ ಹತ್ತನೇ ಕ್ಲಾಸಿನ ಗೈಡುಗಳನ್ನು ತಂದು ಮೇಜಿನ ಮೇಲೆ ಜೋಡಿಸಿಟ್ಟಿದ್ದರು.

ಕೂಟಕ್ಕೆ ತಾಯಿಯೂ ಬಂದರು. ತಲೆಗೆ ದುಪಟ್ಟಾ, ಮುಖದ ಅರ್ಧಕ್ಕೆ ಕಪ್ಪು ಕನ್ನಡಕ. ಸಂಘದ ಸೆಕ್ರೆಟರಿಯ ಹೆಂಡತಿ ತಮ್ಮ ಮಗಳ ಓಟ ನೋಡಲು ಬಂದಿದ್ದರು. ಅವರ ಕಣ್ಣಿಗೆ ಬೀಳಬಾರದೆಂದು ಈ ವೇಷ. ಹೋಗಿ ಕೂತದ್ದು ಮಾತ್ರ, ಗಡಿಬಿಡಿಯಲ್ಲಿ, ಸರಿಯಾಗಿ ಅವರ ಮುಂದಿನ ಸಾಲಿನಲ್ಲಿ.

ಗುಂಡು ಎಸೆಯುವವರು ಗುಂಡನ್ನು ಬಿಡುವಾಗ ಜೋರಾಗಿ ಕೂಗುತ್ತಾರೆ. ಹೊಟ್ಟೆಯ ಉಸಿರೆಲ್ಲ ಒಮ್ಮೆಲೇ ಹೊರಬಂದರೆ ಕೈಗೆ ಬಲ. ಟುಬ್ಲಿಯಲ್ಲಿ ನಮ್ಮ ಹುಡುಗಿ ಕೂಗಿದರೆ ಪಾರಿವಾಳಗಳು ಏಳುತ್ತಿದ್ದವು. ಆ ದಿನ ವೃತ್ತದೊಳಗೆ ನಿಂತವಳು ತುಟಿ ಬಿಗಿದು, ಅಂಚೆಪೆಟ್ಟಿಗೆಗೆ ಕಾಗದ ಹಾಕಿದಷ್ಟು ಮೆಲ್ಲಗೆ ಎಸೆದಳು. ಗುಂಡು ಹತ್ತಿರವೇ ಬಿತ್ತು.

ಹಗ್ಗದ ಹತ್ತಿರ ಓಡಿದೆ. "ಎಂತ ಆಯ್ತು ಮಗಾ? ಕೂಗಲಿಲ್ಲ ಯಾಕೆ?"

"ಅಮ್ಮ ಬರುವಾಗ ಹೇಳಿದಾಳೆ ಆಂಟಿ. ಗಂಡಸರೆಲ್ಲ ನೋಡ್ತಿರ್ತಾರೆ, ಬಾಯಿ ಬಿಟ್ಟು ಕಿರುಚಬೇಡ ಅಂತ."

ಎರಡನೆಯ ಸಲ ಕೂಗು ನುಂಗಲು ಹೋಗಿ ಆಯ ತಪ್ಪಿ, ಕಾಲು ವೃತ್ತದ ಹೊರಗೆ ಹೋಯಿತು. ಫೌಲ್. ಇರುವುದು ಮೂರೇ ಅವಕಾಶ. ಹುಡುಗಿಯ ಮುಖ ಬಿಳಿಚಿತ್ತು. ನಾನು ತಾಯಿಯ ಹತ್ತಿರ ಹೋಗಿ ಕಾಲು ಹಿಡಿದಾದರೂ ಹೇಳೋಣ ಎಂದು ಹೊರಟೆ.

ನಾನು ಅಲ್ಲಿಗೆ ಮುಟ್ಟುವ ಮೊದಲೇ ಹಿಂದಿನ ಸಾಲಿನಿಂದ ಸೆಕ್ರೆಟರಿಯ ಹೆಂಡತಿ ಪಕ್ಕದವರಿಗೆ ಹೇಳುವುದು ಕೇಳಿಸಿತು. "ಪಾಪ, ನೋಡ್ಲಿಕ್ಕೆ ಮಾತ್ರ ಅಷ್ಟು ಗಟ್ಟಿ. ಶಕ್ತಿ ಎಂತದೂ ಇಲ್ಲ."

ಕಪ್ಪು ಕನ್ನಡಕ ಕೆಳಗಿಳಿಯಿತು. ದುಪಟ್ಟಾ ಜಾರಿತು. ತಾಯಿ ಹಿಂದಕ್ಕೆ ತಿರುಗಿದರು.

"ಶಕ್ತಿ ಇಲ್ವಾ? ನನ್ನ ಮಗಳಿಗಾ?"

"ಅಯ್ಯೋ, ನೀವಾ? ನಿಮ್ಮ ಮಗಳು ಗಣಿತದ ಟ್ಯೂಷನ್‌ಗೆ..."

ಉತ್ತರ ಕೊಡಲು ತಾಯಿ ಅಲ್ಲಿ ಇರಲಿಲ್ಲ. ಮೆಟ್ಟಿಲು ಇಳಿದು ಹಗ್ಗದ ಹತ್ತಿರ ನಿಂತಿದ್ದರು. ನಾಲ್ಕನೇ ಮಹಡಿಯಿಂದ ಮಗಳನ್ನು ಊಟಕ್ಕೆ ಕರೆಯುವ ಅದೇ ಗಂಟಲು ಇಡೀ ಮೈದಾನಕ್ಕೆ ಕೇಳಿಸಿತು.

"ಏ ಪುಟ್ಟೀ, ಬಾಯಿ ಬಿಡೇ. ಕೂಗೇ. ಯಾರು ನೋಡಿದ್ರೆ ನಿಂಗೇನು?"

ಮೂರನೆಯ ಸಲ ಹುಡುಗಿ ಕೂಗಿದಳು. ಓಟದ ಸಾಲಿನಲ್ಲಿ ಪಿಸ್ತೂಲಿಗೆ ಕಾಯುತ್ತಿದ್ದವರಲ್ಲಿ ಇಬ್ಬರು ಅದನ್ನೇ ಸಿಗ್ನಲ್ ಎಂದುಕೊಂಡು ಓಡಿಬಿಟ್ಟರು. ಗುಂಡು ಎಷ್ಟು ದೂರ ಹೋಯಿತೆಂದರೆ, ಅಳೆಯಲು ನಿಂತಿದ್ದವರು ಎರಡು ಹೆಜ್ಜೆ ಹಿಂದಕ್ಕೆ ಹಾರಿದರು.

ಅಳೆದರು. ಮೂರನೆಯ ಸ್ಥಾನ. ಎರಡನೆಯವಳಿಗಿಂತ ಒಂದು ಗೇಣು ಕಡಿಮೆ.

ಕಂಚಿನ ಪದಕ ಎಂದು ನಾನು ಕುಣಿಯುವವಳಿದ್ದೆ. ಅಷ್ಟರಲ್ಲಿ ತಾಯಿ ಹಗ್ಗದ ಅಡಿಯಲ್ಲಿ ನುಗ್ಗಿ ಅಂಪೈರಿನ ಮುಂದೆ ನಿಂತಿದ್ದರು.

"ಸರ್, ಮೊದಲನೇ ಎರಡು ಲೆಕ್ಕಕ್ಕಿಲ್ಲ. ಅವಳು ನನ್ನ ಮಾತು ಕೇಳಿ ಬಾಯಿ ಮುಚ್ಕೊಂಡು ಎಸೆದದ್ದು. ತಪ್ಪು ನಂದು. ಇನ್ನೊಂದು ಚಾನ್ಸ್ ಕೊಡಿ."

"ಮೇಡಂ, ಎಲ್ಲರಿಗೂ ಮೂರೇ" ಎಂದರು ಅಂಪೈರ್.

"ಒಂದು ಗೇಣು ಅಷ್ಟೇ ಅಲ್ವಾ ಸರ್ ಕಡಿಮೆ ಆಗಿರೋದು?"

"ಮೇಡಂ, ದಯವಿಟ್ಟು ಹಗ್ಗದ ಆಚೆ ಹೋಗಿ."

"ಹೋಗ್ತೀನಿ. ಮುಂದಿನ ವರ್ಷ ಬರ್ತೀವಿ ನಾವು. ಹತ್ತನೇ ಕ್ಲಾಸಾದ್ರೂ ಬರ್ತೀವಿ, ಹನ್ನೊಂದಾದ್ರೂ ಬರ್ತೀವಿ. ಆಗ ನೋಡೋರಂತೆ ಯಾರಿಗೆ ಶಕ್ತಿ ಇಲ್ಲ ಅಂತ." ಕೊನೆಯ ಮಾತನ್ನು ಅಂಪೈರಿನ ತಲೆಯ ಮೇಲಿಂದ ಪ್ರೇಕ್ಷಕರ ಸಾಲಿನಲ್ಲಿದ್ದ ಸೆಕ್ರೆಟರಿಯ ಹೆಂಡತಿಗೆ ಕೇಳುವಂತೆ ಹೇಳಿದರು.

ಆ ಮಾತು ಕೇಳಿ ನಾನು ಅಲ್ಲೇ ಮರಳಿನ ಮೇಲೆ ಕೂತುಬಿಟ್ಟೆ. ಓಟದವರು, ಮೇಷ್ಟ್ರುಗಳು, ನೀರು ಹಂಚುವವರು, ಎಲ್ಲರೂ ನಿಂತು ಇತ್ತಲೇ ನೋಡುತ್ತಿದ್ದರು. ನಮ್ಮ ಹುಡುಗಿ ನಾಚಿಕೆಯಿಂದ ಕೆಂಪಾಗಿ, ತಾಯಿಯ ದುಪಟ್ಟಾ ಹಿಡಿದು ಎಳೆದಳು.

"ಅಮ್ಮ, ಮೆಲ್ಲಗೆ ಮಾತಾಡು. ಗಂಡಸರೆಲ್ಲ ನೋಡ್ತಿದಾರೆ."