ಮೋಡೆಮ್ಮಿನ ಚೀಟಿಗೆ ಮೀಸೆ ಪಣ

ಕೆಲವರಿಗೆ ಹೋದಲ್ಲೆಲ್ಲ ಹೊನ್ನು ಸಿಗುತ್ತದಂತೆ. ನನಗೆ ಹೋದಲ್ಲೆಲ್ಲ ಫಜೀತಿ ಸಿಗುತ್ತದೆ, ಅದೂ ಚಹಾದ ಜೋಡಿ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕೂ ತಾಲೂಕುಗಳಲ್ಲಿ ಮನೆಮನೆಗೆ ಇಂಟರ್ನೆಟ್ ಜೋಡಿಸುವವನು ನಾನು. ಊರವರಿಗೆಲ್ಲ ಕಾಕಾ. ನಾನು ಏಣಿ ಹತ್ತಿದರೆ ಕಂಬದ ಮೇಲಿನ ಕಾಗೆ ಎದ್ದು ಜಾಗ ಬಿಡುತ್ತದೆ. ನಂಬಿಕೆ ಇಲ್ಲದಿದ್ದರೆ ಕಾಗೆಯನ್ನೇ ಕೇಳಿ.

ಒಮ್ಮೆ ವಿಜಯಪುರದಲ್ಲಿ ಕಂಪನಿಯ ಮೀಟಿಂಗ್. ಮೈಸೂರು ಕಡೆಯಿಂದ ಹೊಸದಾಗಿ ಬಂದಿದ್ದ ಸಾಹೇಬರು ಮೋಡೆಮ್ಮನ್ನು ಬೋರಲು ಹಾಕಿ, ಅದರ ಬೆನ್ನ ಮೇಲಿನ ಬೆಳ್ಳಿಬಣ್ಣದ ಚೀಟಿ ತೋರಿಸಿದರು. "ಈ ಡಬ್ಬಿನ ಪರೀಕ್ಷೆ ಮಾಡಿ ಪಾಸು ಮಾಡಿದ್ದಾರೆ ಅನ್ನೋದಕ್ಕೆ ಇದೇ ಗುರುತು. ಚೀಟಿ ಇಲ್ಲದ ಮೋಡೆಮ್ ಕೆಟ್ಟರೆ ಬದಲಿ ಕೊಡೋದಿಲ್ಲ," ಎಂದರು.

ಸುಮ್ಮನೆ ಕೂತಿದ್ದರೆ ನಾನು ನಾನಾಗುತ್ತಿದ್ದೆನೇ? ಎದ್ದು ನಿಂತೆ. "ಸಾಹೇಬ್ರ, ನನ್ನ ನಾಕೂ ತಾಲೂಕಿನ್ಯಾಗ ಒಂದ ಒಂದು ಚೀಟಿ ಕಳದಿದ್ರ ಈ ಮೀಸಿ ಬೋಳಿಸ್ತೇನಿ!"

ನನ್ನ ಮೀಸೆಯೆಂದರೆ ಸಾಮಾನ್ಯವಲ್ಲ. ಅದರ ಒಂದೊಂದು ತುದಿಯ ಮೇಲೆ ಒಂದೊಂದು ಇಂಡಿ ನಿಂಬೆಹಣ್ಣು ನಿಲ್ಲುತ್ತದೆ. ಸಾಹೇಬರು ತಮ್ಮ ನುಣ್ಣನೆಯ ಮೇಲ್ದುಟಿ ಸವರಿಕೊಂಡು, "ಆಯ್ತು ಕಾಕಾ, ಮುಂದಿನ ವಾರ ಬರ್ತೀನಿ. ಯಾವ ಮನೆ ಅಂತ ಅವತ್ತೇ ಹೇಳ್ತೀನಿ," ಎಂದರು.

ಮನೆಗೆ ಬಂದು ಹೇಳಿದರೆ ಹೆಂಡತಿ, "ಮೀಸಿ ಹೋದ ಮ್ಯಾಲೆ ನಿಮ್ಮ ಮಾರಿ ಮ್ಯಾಲೆ ನೋಡುವಂಥಾದ್ದು ಏನ್ ಉಳಿತೈತ್ರಿ?" ಎಂದಳು. ಮರುದಿನ ಬೆಳಿಗ್ಗೆಯೇ ಬೈಕ್ ಹತ್ತಿ ಚೀಟಿಗಳ ತಪಾಸಣೆಗೆ ಹೊರಟೆ.

ಹೆಲ್ಮೆಟ್ಟಿನ ಮುದ್ರೆ

ಇಂಡಿಯಲ್ಲಿ ನಿಂಬೆಹಣ್ಣಿನ ವ್ಯಾಪಾರಿಯೊಬ್ಬರ ಅಂಗಡಿ. ಮೋಡೆಮ್ ತಿರುವಿ ನೋಡಿದರೆ, ಚೀಟಿ ಇದ್ದ ಜಾಗ ಸಾಹೇಬರ ಮೇಲ್ದುಟಿಯಷ್ಟೇ ನುಣ್ಣಗಿದೆ!

"ಚೀಟಿ ಎಲ್ಲೈತ್ರಿ ಸಾವ್ಕಾರ್ರ?"

ಅವರು ಮೊಳೆಗೆ ತೂಗುಹಾಕಿದ್ದ ಹೆಲ್ಮೆಟ್ ತೋರಿಸಿದರು. ಅದರ ಹಿಂಬದಿಗೆ ನನ್ನ ಚೀಟಿ ಥಳಥಳ ಹೊಳೆಯುತ್ತಿತ್ತು. "ಮುದ್ರಿ ಇಲ್ಲದ ಹೆಲ್ಮೆಟ್ ನಡ್ಯಂಗಿಲ್ಲ ಅಂದ್ರು ಪೊಲೀಸ್ರು. ಅಂಗಡ್ಯಾಗ ಮುದ್ರಿ ಇದ್ದದ್ದು ನಿಮ್ಮ ಡಬ್ಬಿಗೆ ಅಷ್ಟ. ಅದೇನ್ ಗಾಡಿ ಹೊಡಿತೈತೇನ್ರಿ? ಈಗ ಬ್ಯಾಡ, ಕಿತಗೊಂಡು ಹೋಗ್ರಿ."

"ಯಾಕ್ರಿ, ಪೊಲೀಸ್ರು ಒಪ್ಪಲಿಲ್ಲೇನು?"

ಸಾವ್ಕಾರರ ಮುಖ ತಮ್ಮದೇ ಹಣ್ಣು ಕಚ್ಚಿದಂತಾಯಿತು. "ಆ ಪುಣ್ಯಾತ್ಮ ಕನ್ನಡಕ ಏರಿಸಿ ಪೂರಾ ಓದಿದನ್ರಿ. ಆಮ್ಯಾಲೆ ಅಂದ, 'ಇದನ್ನ ಮನಿ ಒಳಗಷ್ಟ ಬಳಸಬೇಕು ಅಂತ ಬರದೈತಿ. ಮನಿಗೆ ಹೋಗಿ ಹಾಕ್ಕೊಂಡು ಕುಂಡ್ರಿ. ಇಲ್ಲಿ ದಂಡ ಕಟ್ರಿ.'"

ಅಮಾವಾಸ್ಯೆಯ ಪೂಜೆ

ಸಿಂದಗಿಯ ಒಂದು ಮನೆಯಲ್ಲಿ ಅತ್ತೆ, ಸೊಸೆ. ಅತ್ತೆಯವರಿಗೆ ದುಡಿಯುವ ವಸ್ತುವೆಲ್ಲ ದೇವರು. ಅಮಾವಾಸ್ಯೆ ಬಂತೆಂದರೆ ಹೊಲಿಗೆ ಯಂತ್ರಕ್ಕೂ ವಿಭೂತಿ, ಮಿಕ್ಸರಿಗೂ ವಿಭೂತಿ. ಮೋಡೆಮ್ಮಿನ ಚೀಟಿಯ ಮೇಲಂತೂ ಗೋಡೆಗೆ ಸುಣ್ಣ ಹೊಡೆದ ಹಾಗೆ ಪದರು ಪದರಾಗಿ ಕೂತಿತ್ತು.

"ಹಿಂದಿನ ಕಡೆ ಯಾಕ್ರಿ ಅವ್ವಾರ?"

"ಮುಂದ ದೀಪ ತಾನ ಹಚ್ಚಿಕೊಂಡು ಕುಂತೈತಿ. ಹಿಂದ ನಾವರ ಪೂಜಿ ಮಾಡಬೇಕೋ ಬ್ಯಾಡೋ?"

ಒಳಗೆ ಚೀಟಿ ಇದೆಯೋ ಇಲ್ಲವೋ ನೋಡಬೇಕಲ್ಲ? ಹಸಿ ಬಟ್ಟೆ ಹಿಡಿದು ಒರೆಸತೊಡಗಿದೆ. ಅವರು ಹೌಹಾರಿದರು. "ಏ ಕಾಕಾ, ವಿಭೂತಿ ಅಳಸ್ತೀರಿ? ನೆಟ್ ಹೋದ್ರ ನೀವ ಜವಾಬ್ದಾರಿ ನೋಡ್ರಿ ಮತ್ತ!"

ನಾನು ನಕ್ಕೆ. ಚೀಟಿಯ ಮೊದಲ ಸಾಲು ಕಾಣಿಸುವುದಕ್ಕೂ ಓಣಿಯ ಕರೆಂಟು ಹೋಗುವುದಕ್ಕೂ ಸರಿಹೋಯಿತು. ಅತ್ತೆಯವರು ನನ್ನನ್ನು ಪಕ್ಕಕ್ಕೆ ಸರಿಸಿ, ಮೂರು ಬೆರಳಲ್ಲಿ ಮತ್ತೆ ವಿಭೂತಿ ಎಳೆದರು. ಫಕ್ಕನೆ ಕರೆಂಟು ಬಂತು! ಅಡುಗೆಮನೆಯಿಂದ ಸೊಸೆ ಕೂಗಿದಳು, "ನೆಟ್ ಬಂತ್ರಿ ಅತ್ತಿ!"

ಅಂದಿನಿಂದ ನನ್ನ ಚೀಲದಲ್ಲಿ ಸ್ಕ್ರೂಡ್ರೈವರ್ ಮರೆತರೂ ಮರೆತೇನು, ವಿಭೂತಿ ಮರೆಯುವುದಿಲ್ಲ.

ಮೂರನೆಯ ಮುದ್ರೆ

ಮುದ್ದೇಬಿಹಾಳದಲ್ಲಿ ಅಣ್ಣತಮ್ಮಂದಿರ ಅಕ್ಕಪಕ್ಕದ ಮನೆ. ಎರಡೂ ಮೋಡೆಮ್ಮಿನ ಚೀಟಿ ಭದ್ರ. ಆದರೆ ಅಣ್ಣನ ಚೀಟಿಯಲ್ಲಿ ಮೂರು ಮುದ್ರೆ, ತಮ್ಮನದರಲ್ಲಿ ಎರಡು.

"ಪಾಲು ಮಾಡುವಾಗೂ ಹಿಂಗ ಆತು," ಎಂದ ತಮ್ಮ. "ಅಂವಗ ಮೂರು, ನನಗ ಎರಡು! ಇನ್ನೊಂದು ಮುದ್ರಿ ಹಚ್ಚತಿರೋ, ಇಲ್ಲಾ ಇದನ್ನೂ ಕಿತ್ತು ಒಗಿಲೋ?"

ಅವನ ಉಗುರು ಚೀಟಿಯ ಅಂಚಿಗೆ ಹೋಯಿತು. ನನಗೆ ಮೀಸೆಯ ಬುಡ ಜುಮ್ಮೆಂದಿತು. ಮನೆ ಮುಂದೆ ಹಣ್ಣಿನ ಗಾಡಿ ನಿಂತಿತ್ತು. ಓಡಿಹೋಗಿ ಒಂದು ಸೇಬು ತಂದೆ. ಅದರ ಮೇಲಿನ ಬಣ್ಣದ ಪುಟ್ಟ ಚೀಟಿ ಬಿಡಿಸಿ, ಅವನ ಕಣ್ಣೆದುರೇ ಮೋಡೆಮ್ಮಿಗೆ ಅಂಟಿಸಿದೆ.

"ಇದು ಹಣ್ಣಿಂದಲ್ರಿ ಕಾಕಾ?"

"ಹೌದು, ಪರದೇಶದಾಗ ಪಾಸಾಗಿ ಹಡಗಿನ್ಯಾಗ ಬಂದೈತಿ. ನಿಮ್ಮಣ್ಣನ ಡಬ್ಬಿ ಹಡಗು ಕಂಡೈತೇನು?"

ತಮ್ಮ ಮೊಬೈಲ್ ಒತ್ತಿ ನೋಡಿ ಕಣ್ಣರಳಿಸಿದ. "ನೆಟ್ ಆಗಲೇ ಜೋರ ಓಡಾಕತ್ತಿತಲ್ರಿ!"

ಹೊರಗೆ ಬಂದರೆ ನನ್ನ ಬೈಕಿಗೆ ಅಡ್ಡಲಾಗಿ ಅಣ್ಣ ನಿಂತಿದ್ದ, ಕೈಯಲ್ಲಿ ಒಂದು ಚೀಲ ಸೇಬು.

ಒರಿಜಿನಲ್ ಕೊಡಂಗಿಲ್ಲ

ಸಾಹೇಬರು ಬಂದರು. ಅವರು ಆರಿಸಿದ್ದು ಬಸವನ ಬಾಗೇವಾಡಿಯ ನಿವೃತ್ತ ಶಿಕ್ಷಕಿ ಅಕ್ಕೋರ ಮನೆ. ಅಕ್ಕೋರು ದಿನಾ ಸಂಜೆ ಮೊಬೈಲಿನಲ್ಲಿ ಓಣಿ ಓಣಿಯ ಹೆಣ್ಣುಮಕ್ಕಳಿಗೆ ವಚನ ಹೇಳಿಕೊಡುವವರು. ಸಿಡಿಲಿಗೆ ಮೋಡೆಮ್ ಸುಟ್ಟು ಪಾಠ ನಿಂತಿತ್ತು. ಬದಲಿ ಡಬ್ಬಿ ಬೇಕಿತ್ತು. ನಾನು ತಪಾಸಣೆ ಮಾಡದ ಮನೆಯೆಂದರೆ ಅದೊಂದೇ. ಅವರು ಕಲಿಸಿದ ಮಕ್ಕಳ ತಲೆಯಿಂದ ಮಗ್ಗಿಯೇ ಉದುರಿಲ್ಲ, ಇನ್ನು ಡಬ್ಬಿಯಿಂದ ಚೀಟಿ ಉದುರೀತೇ ಎಂಬ ಧೈರ್ಯ.

ಸಾಹೇಬರು ಸುಟ್ಟ ಮೋಡೆಮ್ ತಿರುವಿದರು. ಬೆನ್ನು ಬೋಳು!

ಅವರು ನನ್ನ ಮೀಸೆ ನೋಡಿದರು. ನಾನು ಕಿಟಕಿಯಾಚೆ ನೋಡಿದೆ. ಎದುರಿಗೇ ಕಟಿಂಗ್ ಅಂಗಡಿ. ಅಂಗಡಿಯವನು ಹೊಸ ಬ್ಲೇಡ್ ಹಾಕುತ್ತಿದ್ದ.

"ಚೀಟಿ ಕಳೆದುಹೋಗಿದೆ," ಎಂದರು ಸಾಹೇಬರು.

"ಕಳದಿಲ್ರಿ!" ಅಕ್ಕೋರು ತಿಜೋರಿ ತೆಗೆದರು. ಹತ್ತನೇ ಇಯತ್ತೆಯ ಸರ್ಟಿಫಿಕೇಟಿನ ಕೆಳಗಿಂದ ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಲ್ಯಾಮಿನೇಷನ್ ಮಾಡಿಸಿದ ಚೀಟಿ ಹೊರಬಂತು. "ಪಾಸಾದ ಸರ್ಟಿಫಿಕೇಟು ಯಾರರ ಧೂಳಾಗ ಇಡ್ತಾರೇನ್ರಿ?"

ನನ್ನ ಮೀಸೆಗೆ ಜೀವ ಬಂತು. ಸಾಹೇಬರು ಕೈ ಚಾಚಿ, "ಕೊಡಿ ಮೇಡಂ, ಡಬ್ಬಿ ಜೊತೆ ಕಳಿಸ್ಬೇಕು," ಎಂದರು.

"ಒರಿಜಿನಲ್ ಕೊಡಂಗಿಲ್ಲ. ಝರಾಕ್ಸ್ ಒಯ್ರಿ."

"ಒರಿಜಿನಲ್ಲೇ ಬೇಕು ಮೇಡಂ."

"ಒರಿಜಿನಲ್ ಯಾರ ಕೈಗೂ ಕೊಡಬ್ಯಾಡ್ರಿ ಅಂತ ನೌಕರಿ ಪೂರ್ತಿ ಮಕ್ಕಳಿಗೆ ಹೇಳಕೋತ ಬಂದೇನಿ. ಈಗ ನಿಮಗ ಕೊಡ್ಲಿ? ಅಷ್ಟಕ್ಕೂ ನೀವ್ಯಾರು? ನಿಮ್ಮ ಕಾರ್ಡು ತೋರಿಸ್ರಿ."

ಸಾಹೇಬರು ಅಂಗಿಯ ಕಿಸೆ ತಡಕಿದರು, ಪ್ಯಾಂಟಿನ ಕಿಸೆ ತಡಕಿದರು. ಕಾರ್ಡು ವಿಜಯಪುರದ ಆಫೀಸಿನಲ್ಲೇ ಉಳಿದಿತ್ತು.

"ನೋಡ್ರಿ ಮತ್ತ!" ಎಂದರು ಅಕ್ಕೋರು. "ಡಬ್ಬಿಗೆ ಚೀಟಿ ಕೇಳಾಕ ಬಂದೀರಿ, ನಿಮಗ ಚೀಟಿನ ಇಲ್ಲ. ನಿಮ್ಮನ್ನ ಪಾಸು ಮಾಡಿದವರು ಯಾರ್ರಿ?"

ಸಾಹೇಬರು ತಪ್ಪು ಲೆಕ್ಕ ಬರೆದ ಹುಡುಗನಂತೆ ನಿಂತರು. "ಕಾಕಾ, ನೀವಾದ್ರೂ ಹೇಳಿ."

ಇಂಥ ಗಳಿಗೆಗೆಂದೇ ದೇವರು ಗಂಡಸಿಗೆ ಮೀಸೆ ಕೊಟ್ಟಿದ್ದಾನೆ. ಸಾವಕಾಶ ತಿರುವಿದೆ. "ಅಕ್ಕೋರ, ಇವ್ರು ಅಸಲಿ ಸಾಹೇಬ್ರ ಇದ್ದಾರ್ರಿ. ನಾ ಗ್ಯಾರಂಟಿ. ಆದ್ರ ಚೀಟಿ ಕಳದಿಲ್ಲ ಅಂತ ಅವ್ರೂ ತಮ್ಮ ಬಾಯಿಲೆ ಅನ್ನಬೇಕು."

ಅಂದರು. ಝರಾಕ್ಸಿಗೂ ಒಪ್ಪಿದರು. ಹೊಸ ಮೋಡೆಮ್ ಹಚ್ಚಿದೆ. ಹಸಿರು ದೀಪ ಬಂತು. ಅಕ್ಕೋರು ಸಂಜೆಯ ಪಾಠ ಇದೆಯೆಂದು ಎಲ್ಲರಿಗೂ ಫೋನ್ ಮಾಡಿ, ನಮಗೆ ಚಹಾ ಕೊಟ್ಟು, ಹೊಸ ಮೋಡೆಮ್ಮನ್ನು ಪ್ರೀತಿಯಿಂದ ಮಡಿಲಲ್ಲಿಟ್ಟುಕೊಂಡರು. ಬೋರಲು ಹಾಕಿದರು. ಚರ್‌ರ್ ಎಂದು ಸದ್ದು ಬಂತು.

"ಲ್ಯಾಮಿನೇಷನ್ ಅಂಗಡಿ ಇನ್ನೂ ತೆರದಿರತೈತಿ," ಎಂದರು.

ನನ್ನ ಕೈ ತಾನಾಗಿ ಮೀಸೆಗೆ ಹೋಯಿತು. ಹೆದರುತ್ತ ಸಾಹೇಬರ ಕಡೆ ನೋಡಿದೆ. ಅವರು ಚಹಾದ ಕಪ್ಪು ಹಿಡಿದು, ಗೋಡೆಗೆ ಮುಖ ಮಾಡಿ, ಕ್ಯಾಲೆಂಡರಿನ ತಿಥಿ ನಕ್ಷತ್ರಗಳನ್ನೆಲ್ಲ ಬಿಡದೆ ಓದುತ್ತಿದ್ದರು.

"ಕಾಕಾ," ಎಂದರು ಮೆಲ್ಲಗೆ, "ಕಿತ್ತಾಯ್ತಾ? ಈ ಕಡೆ ತಿರುಗಬಹುದಾ?"