ಫೋಟೋದಲ್ಲಿ ಭಾವ ಕಾಣಲಿಲ್ಲ

ನನಗೊಂದು ದುರ್ಗುಣವಿದೆ. ಒಂದು ವಸ್ತು ಬೇಕೆನಿಸಿದರೆ ಅದನ್ನು ಕೊಳ್ಳುವ ಬದಲು ಅದರ ಬಗ್ಗೆ ಓದಲು ಕೂಡುತ್ತೇನೆ. ಮಿಕ್ಸರ್ ಕೆಟ್ಟಾಗ ನಾನು ಮೋಟರುಗಳ ಜಾತಿ ಕುಲ ಓದಿ ಮುಗಿಸುವಷ್ಟರಲ್ಲಿ ಹೆಂಡತಿ ಸುವರ್ಣಾ ಹೊಸದನ್ನು ತಂದು, ಚಟ್ನಿ ರುಬ್ಬಿ, ಬಡಿಸಿ, ಪಾತ್ರೆ ತೊಳೆದಿಟ್ಟಿದ್ದಳು. ಇಂಥವನು ಕ್ಯಾಮೆರಾದ ಲೆನ್ಸ್ ಆರಿಸಲು ಹೊರಟರೆ ಏನಾದೀತು? ಮರಾಠಿ ಸೀಮೆಯ ವಾಳೂಜಿನ ಒಂದು ಕಾರ್ಖಾನೆಯಲ್ಲಿ ಬಿಡಿಭಾಗಗಳ ಅಳತೆ ಸರಿಯಿದೆಯೇ ಎಂದು ನೋಡುವುದು ನನ್ನ ನೌಕರಿ. ಕೂದಲೆಳೆಯಷ್ಟು ತಪ್ಪಿದರೂ ವಾಪಸ್ ಕಳಿಸುವವನು. ಆ ಚಾಳಿ ಮನೆಗೂ ಬಂದು, ಎರಡು ತಿಂಗಳು ಲೆನ್ಸುಗಳನ್ನು ಹೋಲಿಸಿದ್ದೇ ಹೋಲಿಸಿದ್ದು. ಓದಿದ ಲೇಖನಗಳೆಲ್ಲ ಒಂದೇ ಮಾತು ಹೇಳುತ್ತಿದ್ದವು: ಒಳ್ಳೆಯ ಫೋಟೋಗೆ ಸಲಕರಣೆ ಮುಖ್ಯವಲ್ಲ, ಭಾವ ಮುಖ್ಯ. ಹಾಗೆಂದು ಹೇಳಿ, ಭಾವ ಬರಲು ಏನೇನು ಸಲಕರಣೆ ಬೇಕು ಎಂಬ ಪಟ್ಟಿ ಕೊಡುತ್ತಿದ್ದವು.

ನನ್ನ ಫೋಟೋಗಳಲ್ಲಿ ಭಾವ ಇರಲಿಲ್ಲ, ಒಪ್ಪುತ್ತೇನೆ. ಕ್ಯಾಮೆರಾದ ಜೊತೆಗೇ ಬಂದ ಲೆನ್ಸ್ ಹಿಡಿದು ನಾಲ್ಕು ಸಲ ವೇರೂಳಿನ ಗುಹಾಲಯಗಳಿಗೆ ಹೋಗಿ ಬಂದಿದ್ದೆ. ಕಲ್ಲಿನ ಆನೆ, ಅದರ ಪಕ್ಕ ಚಿಪ್ಸ್ ತಿನ್ನುತ್ತಿದ್ದ ಪ್ರವಾಸಿ, ಅವನ ಕೈಯ ಪೊಟ್ಟಣ, ಮೂರೂ ಸಮನಾಗಿ ಸ್ಪಷ್ಟ. ಇದ್ದುದರಲ್ಲಿ ಆನೆಯ ಮುಖದಲ್ಲೇ ಸ್ವಲ್ಪ ಭಾವವಿತ್ತು. “ಫೋಟೋದಾಗ ಭಾವ ಬರವಲ್ದು” ಎಂದು ಸುವರ್ಣಾಳ ಮುಂದೆ ಸಂಕಟ ತೋಡಿಕೊಂಡೆ. ಅವಳು ಬದನೆಕಾಯಿ ಹೆಚ್ಚುತ್ತಲೇ, “ಭಾವ ಬರಬೇಕಂದ್ರ ನಾಶಿಕಕ್ಕ ಫೋನ್ ಹಚ್ಚರಿ. ಕರದ್ರ ಬರ್ತಾರ, ಪಾಪ” ಎಂದಳು. ನಾಶಿಕದಲ್ಲಿರುವುದು ನನ್ನ ಅಣ್ಣ, ಅವಳಿಗೆ ಭಾವ. ಕ್ಯಾಮೆರಾ ಅಂಗಡಿಯಲ್ಲೂ ಅದೇ ಗತಿ. ನನ್ನ ಬೀದರಿ ಮರಾಠಿಯಲ್ಲಿ “ಮಲಾ ಭಾವ್ ಪಾಹಿಜೆ”, ನನಗೆ ಭಾವ ಬೇಕು, ಎಂದೆ. ಮರಾಠಿಯಲ್ಲಿ ದರಕ್ಕೂ ಭಾವ್ ಎನ್ನುತ್ತಾರೆ. ಅಂಗಡಿಯವನು ತಡಮಾಡದೆ ದರ ಹೇಳಿದ. ಅದನ್ನು ಕೇಳಿ ನನ್ನ ಮುಖದಲ್ಲಿ ಮೂಡಿದ್ದನ್ನು ಯಾರಾದರೂ ಹಿಡಿದಿದ್ದರೆ ಆ ಫೋಟೋಗೆ ಬಹುಮಾನ ಖಾತ್ರಿಯಿತ್ತು.

ಕೊನೆಗೆ ಕಣದಲ್ಲಿ ಮೂರು ಲೆನ್ಸು ಉಳಿದವು. ದೂರದ್ದನ್ನು ಹತ್ತಿರ ತರುವ ಜೂಮ್ ಎತ್ತಿ ನೋಡಿದೆ. ಜೊತೆಗೆ ಕುತ್ತಿಗೆ ನೋವಿನ ಡಾಕ್ಟರೂ ಬೇಕಾಗುತ್ತಿದ್ದರು. ಇಡೀ ಕೋಣೆಯನ್ನು ಹಿಡಿಸುವ ಅಗಲದ ಲೆನ್ಸಿನಲ್ಲಿ ಅಂಚಿಗೆ ನಿಂತವರು ದಪ್ಪಗೆ ಕಾಣುತ್ತಾರೆ. ನಮ್ಮ ಬಳಗದಲ್ಲಿ ಅದರ ಅಗತ್ಯ ಯಾರಿಗೂ ಇಲ್ಲ. ಮೂರನೆಯದು ಗಿಡ್ಡದು, ಬಾಯಿ ಮಾತ್ರ ದೊಡ್ಡದು. ಆ ಬಾಯಿ ಪೂರ್ತಿ ತೆರೆದರೆ ಎದುರಿನ ಮುಖವೊಂದೇ ಸ್ಪಷ್ಟ, ಹಿಂದಿನದೆಲ್ಲ ಬೆಣ್ಣೆ ಕರಗಿದ ಹಾಗೆ ಮಸುಕು. ಇದರಲ್ಲಿ ಭಾವವೋ ಭಾವ ಎಂದು ಓದಿದ್ದೆ. ತಂದೇಬಿಟ್ಟೆ.

ಅಷ್ಟರಲ್ಲಿ ಅಣ್ಣನ ಮಗಳು ಪಲ್ಲವಿಯ ನಿಶ್ಚಯ ಬಂತು. “ಫೋಟೋದವರನ್ನ ಕರೀಬ್ಯಾಡ್ರಿ, ನಾ ಇದ್ದೀನಿ” ಎಂದು ಎದೆ ತಟ್ಟಿಕೊಂಡೆ. ಪುಣ್ಯಾತ್ಮರು ನಂಬಿದರು. ನಾಶಿಕದಲ್ಲಿ ಉಡುಪಿ ಕಡೆಯವರ ಹೋಟೆಲಿನ ಮಹಡಿಯ ಹಾಲ್. ಬೀಗರ ಕಡೆಯ ಹೆಂಗಸರು ಪಲ್ಲವಿಗೆ ಉಡಿ ತುಂಬುವಾಗ ನಾನು ಬಾಯಿ ಪೂರ್ತಿ ತೆರೆದು, ಲೆನ್ಸಿನದು, ಪಟಪಟನೆ ಹಿಡಿದೆ. ಅವಳ ಕಣ್ಣರೆಪ್ಪೆ ಎಣಿಸಬಹುದಿತ್ತು. ಜುಮುಕಿಯ ಮುತ್ತು ಒಂದೊಂದೂ ಹೊಳೆಯುತ್ತಿತ್ತು.

ಸಂಜೆ ಅಣ್ಣನ ಮನೆಯ ಟೀವಿಯಲ್ಲಿ ಫೋಟೋಗಳ ಪ್ರದರ್ಶನ. ಎಲ್ಲರೂ ವ್ಹಾ ವ್ಹಾ ಎನ್ನುತ್ತಿರುವಾಗ ಅಣ್ಣನ ಹೆಂಡತಿ, ನಮ್ಮ ವೈನಿ, “ನಿಲ್ಲಸ್ರಿ! ಹಿಂದ ಇದೇನಿದು ಬೆಳ್ಳಗ?” ಎಂದರು.

“ಅಣ್ಣ” ಎಂದೆ ಮೆಲ್ಲಗೆ.

“ಅಯ್ಯ, ಒಂದು ಫೋಟೋದಾಗೂ ಭಾವನೇ ಇಲ್ಲಲ್ರಿ!” ಎಂದು ಸುವರ್ಣಾ ನಕ್ಕಳು. ವೈನಿ ನಗಲಿಲ್ಲ. “ನಿಮ್ಮ ಅಣ್ಣ ಅತ್ತಾರಂತ್ರಿ. ಬೀಗರು ಹೇಳಿದ್ರು. ನಾ ಊಟದ ವ್ಯವಸ್ಥಾ ನೋಡ್ಲಿಕ್ಕ ಕೆಳಗ ಹೋಗಿದ್ದೆ. ಮೂವತ್ತು ವರ್ಷದಾಗ ಈ ಮನುಷ್ಯಾ ಅತ್ತದ್ದು ಕಂಡಿಲ್ಲ ನಾ. ಫೋಟೋದಾಗರೆ ನೋಡಬೇಕಂದ್ರ ಹಿಂಗ ಒರಸಿ ಇಟ್ಟೀರಿ” ಎನ್ನುವಾಗ ಅವರ ದನಿ ಒಡೆಯಿತು.

ವೈನಿ ಹೇಳಿದ್ದು ಸುಳ್ಳಲ್ಲ. ಅಣ್ಣನ ಮುಖ ಪೇಪರ್ ಓದುವಾಗ ಒಂದು ಥರ, ಓದಿ ಮುಗಿಸಿದ ಮೇಲೂ ಅದೇ ಥರ. ಅಪ್ಪ ಹೋದ ದಿನವೂ ಬಂದವರಿಗೆಲ್ಲ ಚಹಾ ಆಯಿತೇ ಎಂದು ವಿಚಾರಿಸುತ್ತಾ ಓಡಾಡಿದವನು. ಈಗಲೂ, “ಯಾರ್ ಅತ್ತಾರ? ಧೂಪದ ಹೊಗಿ ಕಣ್ಣಾಗ ಹೋಗಿತ್ತು” ಎಂದ. “ಹಾಲ್‌ನಾಗ ಧೂಪ ಹಚ್ಚಿದ್ದೇ ಇಲ್ಲ” ಎಂದರು ವೈನಿ. ನಾನು ಲೆನ್ಸಿನ ಬಾಯಿಯ ವಿಜ್ಞಾನ ತೆಗೆಯಲು ಹೋದೆ, ಸುವರ್ಣಾ ಚಿವುಟಿದಳು. ವೈನಿ ಎದ್ದು ಟೀವಿಯ ಹತ್ತಿರ ಹೋಗಿ, ದೊಡ್ಡ ಮಸುಕಿನ ಮೇಲಿದ್ದ ಸಣ್ಣ ಮಸುಕನ್ನು ಬೆರಳಿಂದ ಮುಟ್ಟಿ, “ಇದು ಕರ್ಚೀಪೇನ್ರಿ?” ಎಂದು ಕೇಳಿದರು. ಎರಡು ತಿಂಗಳು ನಾನು ಹುಡುಕಿದ್ದು ಪಲ್ಲವಿಯ ಹಿಂದೆ ನಾಲ್ಕೇ ಹೆಜ್ಜೆ ದೂರದಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತಿತ್ತು, ನಾನು ಜುಮುಕಿ ನೋಡುತ್ತಿದ್ದೆ. “ಮದುವಿಗೆ ಎಲ್ಲಾರೂ ಕಾಣೋ ಲೆನ್ಸ್ ತರ್ತೀನಿ ವೈನಿ, ನಿಮ್ಮಾಣಿ” ಎಂದೆ.

ಮರುದಿನ ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ಬಿಡಲು ಅಣ್ಣ ತಾನೇ ಬಂದ. ಸುವರ್ಣಾ ಒಳಗೆ ಹೋಗಿ ಸೀಟು ಹಿಡಿದಿದ್ದಳು. ಅಣ್ಣ ಆಚೀಚೆ ನೋಡಿ, “ತಮ್ಮಾ, ನಿಶ್ಚಯಕ್ಕೇ ಹಿಂಗಾತು. ಪೋರಿನ್ನ ಕಳಸೋ ದಿನ ತಡಕೊಳ್ಳೋದು ಆಗಂಗಿಲ್ಲೋ ನನಗ. ಮದುವಿಗೂ ಆ ಮಸುಕು ಮಾಡೋ ಲೆನ್ಸೇ ತೊಗೊಂಡ ಬಾ” ಎಂದ. ಅವನು ನನ್ನ ಹತ್ತಿರ ಏನನ್ನಾದರೂ ಕೇಳಿದ್ದು ಅದೇ ಮೊದಲು. ಹೂಂ ಎಂದುಬಿಟ್ಟೆ.

ಬಸ್ಸು ಹೊರಟ ಮೇಲೆ ಸುವರ್ಣಾಳಿಗೆ ಎಲ್ಲ ಹೇಳಿದೆ. ಇಬ್ಬರಿಗೂ ಮಾತು ಕೊಟ್ಟಿರುವುದರಿಂದ ಇನ್ನೊಂದು ಲೆನ್ಸ್ ಕೊಳ್ಳದೆ ಗತಿಯಿಲ್ಲ, ಇದು ನನ್ನ ಸಲುವಾಗಿ ಅಲ್ಲವೇ ಅಲ್ಲ ಎಂದೂ ಸೇರಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡು, “ಮದುವಿ ದಿನ ಆ ಕ್ಯಾಮೆರಾ ಬ್ಯಾರೆಯವರ ಕೈಯಾಗ ಕೊಟ್ಟು, ಭಾವನವರ ಬಾಜೂಕ ಹೋಗಿ ನಿಲ್ರಿ. ಉಡಿ ತುಂಬುವಾಗ ಕ್ಯಾಮೆರಾದ ಹಿಂದ ನೀವೂ ಅಳ್ಲಿಕತ್ತಿದ್ರಿ. ನಾ ನೋಡೀನಿ” ಎಂದಳು.

ಒಂದು ಕಣ್ಣು ಮುಚ್ಚಿ ಇನ್ನೊಂದನ್ನು ಬಹಳ ಹೊತ್ತು ಕ್ಯಾಮೆರಾಕ್ಕೆ ಹಚ್ಚಿ ನೋಡಿದರೆ ಅದರಲ್ಲಿ ನೀರು ಬರುವುದು ಸಹಜ ಎಂದು ನಾನು ವಿವರಿಸಿದೆ.

“ಎರಡೂ ಕಣ್ಣಾಗ ಬಂದಿತ್ರಿ” ಎಂದಳು.