ಎರಡು ಜೀಪಿಗೆ ಒಂದು ಎಂಜಿನ್

ನನ್ನ ಭಾವ, ಅಂದರೆ ಅಕ್ಕನ ಗಂಡ, ಕುರ್ಚಿಯಲ್ಲಿ ಕುಳಿತದ್ದನ್ನು ಕಂಡವರು ಯಾರಾದರೂ ಇದ್ದರೆ ದಯವಿಟ್ಟು ಮುಂದೆ ಬನ್ನಿ, ನಾನೇ ಶಾಲು ಹೊದೆಸಿ ಸನ್ಮಾನ ಮಾಡುತ್ತೇನೆ! ಚಹಾ ಕುಡಿಯುವುದು ನಿಂತು. ಪೇಪರ್ ಓದುವುದು ಅಂಗಳದಲ್ಲಿ ಆಚೀಚೆ ನಡೆಯುತ್ತ. ಊಟದ ಹೊತ್ತಿಗೆ ಬಟ್ಟಲು ಕೈಯಲ್ಲಿ ಹಿಡಿದು ಅಡುಗೆಮನೆಯಿಂದ ಜಗಲಿಗೆ, ಜಗಲಿಯಿಂದ ಅಡುಗೆಮನೆಗೆ. ಸಾರು ಬೇಕಾದರೆ ಅಕ್ಕ ಸೌಟು ಹಿಡಿದು ಹಿಂದಿನಿಂದ ಓಡಬೇಕು. ಮದುವೆ ಮಂಟಪದಲ್ಲಿ ಇವರನ್ನು ಭುಜ ಒತ್ತಿ ಕೂರಿಸಲು ನಮ್ಮ ಸೋದರಮಾವನನ್ನು ಪ್ರತ್ಯೇಕವಾಗಿ ನೇಮಿಸಲಾಗಿತ್ತು. ಅಂಥ ಮನುಷ್ಯ ನೆಮ್ಮದಿಯಿಂದ ಕೂರುತ್ತಿದ್ದ ಜಾಗ ಲೋಕದಲ್ಲಿ ಒಂದೇ. ಅದು ಅವರ ಜೀಪಿನ ಡ್ರೈವರ್ ಸೀಟು.

ಕುಂಬಳೆ ಪೇಟೆಯಿಂದ ಒಳಗಿನ ಗುಡ್ಡದ ಊರುಗಳಿಗೆ, ಬಸ್ಸಿನವರು ದೂರದಿಂದಲೇ ಕೈಮುಗಿಯುವ ಇಕ್ಕಟ್ಟಿನ ದಾರಿಯಲ್ಲಿ, ಭಾವನದು ಟ್ರಿಪ್ ಹೊಡೆಯುವ ಜೀಪು. ಅಕ್ಕಿ ಚೀಲ, ಮೀನಿನ ಪ್ಲಾಸ್ಟಿಕ್ ತೊಟ್ಟೆ, ಬಾಣಂತಿ, ಕೋಳಿ, ಗಲ್ಫಿನಿಂದ ಬಂದವನ ಪೆಟ್ಟಿಗೆ, ಎಲ್ಲವೂ ಅದರಲ್ಲೇ. ಅದೇ ದಾರಿಗೆ ಅದೇ ಮಾದರಿಯ ಇನ್ನೊಂದು ಜೀಪು, ಉಪ್ಪಳದ ಮೋನುಚ್ಚನದು. ಇಬ್ಬರಿಗೂ ಮೂವತ್ತು ವರ್ಷಗಳ ಜಗಳ. ವಿಷಯ ಬಹಳ ಸರಳ: ರಸ್ತೆ ಬದಿಯಲ್ಲಿ ನಿಂತ ಜನ ಯಾರಿಗೆ ಸೇರಿದ್ದು? ಒಮ್ಮೆ ಒಬ್ಬ ಅಜ್ಜಿಯ ಒಂದು ಕೈಯನ್ನು ಇವರು, ಇನ್ನೊಂದು ಕೈಯನ್ನು ಅವರು ಹಿಡಿದು ಎಳೆದಾಗ ಆಕೆ, "ನಾನು ಮಗಳಿಗೆ ಕಾಯುವುದು ಮಕ್ಕಳೇ, ನನಗೆ ಎಲ್ಲಿಗೂ ಹೋಗ್ಲಿಕ್ಕಿಲ್ಲ!" ಎಂದು ಬೊಬ್ಬೆ ಹಾಕಿದ ಕಥೆ ಕುಂಬಳೆಯಲ್ಲಿ ಈಗಲೂ ಚಾಲ್ತಿಯಲ್ಲಿದೆ.

ಇಂಥ ಜೀಪಿನ ಎಂಜಿನ್ ಕೆಟ್ಟದ್ದು ಹೇಗೆ ಅಂತೀರಿ? ಆಯಿಲ್ ಕಡಿಮೆಯಾದರೆ ಉರಿಯುವ ಒಂದು ಕೆಂಪು ದೀಪ ಡ್ರೈವರನ ಎದುರಿಗೇ ಇತ್ತು. ಕಣ್ಣಿಗೆ ಚುಚ್ಚುತ್ತದೆಂದು ಭಾವ ಅದರ ಮೇಲೆ ದೇವರ ಚಿತ್ರ ಅಂಟಿಸಿದರು! ನಾನು ಒಂದು ದಿನ ಪಕ್ಕದಲ್ಲಿ ಕುಳಿತು ನೋಡುತ್ತೇನೆ, ದೇವರ ಮುಖದ ಹಿಂದಿನಿಂದ ಕೆಂಪಗೆ ಬೆಳಕು ಬರುತ್ತಿದೆ.

"ಭಾವ, ದೀಪ ಉರೀತಾ ಉಂಟು!"

"ದೇವರ ಹತ್ತಿರ ದೀಪ ಉರಿಯದೆ ಮತ್ತೆಲ್ಲಿ ಉರಿಯುವುದು ಮಾರಾಯ್ತಿ?"

ನನಗೂ ಆ ಕ್ಷಣ ಹೌದಲ್ಲವೇ ಅನ್ನಿಸಿತು. ಮರುವಾರ ಗುಡ್ಡದ ಏರಿನಲ್ಲಿ ಎಂಜಿನ್ ದೊಡ್ಡದಾಗಿ ಒಮ್ಮೆ ಕೆಮ್ಮಿ ನಿಂತೇ ಹೋಯಿತು. ದೇವರ ಚಿತ್ರಕ್ಕೆ ಮಾತ್ರ ಏನೂ ಆಗಿರಲಿಲ್ಲ.

ಜೀಪನ್ನು ನಾಯ್ಮಾರ್ಮೂಲೆಯ ಗ್ಯಾರೇಜಿಗೆ ಎಳೆದುಕೊಂಡು ಹೋದರು. ಮೆಕ್ಯಾನಿಕ್ ಬಿಚ್ಚಿ ನೋಡಿ ಕೈ ಒರೆಸಿಕೊಂಡ. "ಆಯಿಲ್ ಇಲ್ಲದೆ ಒಳಗೆ ಎಲ್ಲ ಕಚ್ಚಿಕೊಂಡು ಎಂಜಿನ್ ಬ್ಲಾಕೇ ಒಡೆದಿದೆ. ಬೇರೆ ಎಂಜಿನ್ ಸಿಕ್ಕಿದರೆ ಕೂರಿಸುವ. ಇಲ್ಲದಿದ್ದರೆ ಬಿಚ್ಚಿ ಪಾರ್ಟ್ ಪಾರ್ಟ್ ಮಾಡಿ ಮಾರುವ. ಬಾಡಿ, ಗೇರ್ ಬಾಕ್ಸ್ ಎಲ್ಲ ಫಸ್ಟ್ ಕ್ಲಾಸ್ ಉಂಟು. ನೀವೇ ಹೇಳಿ, ಎಂತ ಮಾಡುವುದು?"

ಎಂತ ಮಾಡುವುದು! ಆ ಪ್ರಶ್ನೆ ಹಿಡಿದುಕೊಂಡು ಭಾವ ನಡೆಯಲು ಶುರುಮಾಡಿದರು ನೋಡಿ, ನಮ್ಮೆಲ್ಲರ ತಲೆ ತಿರುಗಿತು. ಬೆಳಿಗ್ಗೆ ಅಂಗಳದಲ್ಲಿ "ಕೂರಿಸುವುದೇ ಸರಿ". ಮಧ್ಯಾಹ್ನ ಜಗಲಿಯಲ್ಲಿ "ಬಿಚ್ಚಿ ಬಿಡುವುದೇ ಒಳ್ಳೆಯದು". ಸಂಜೆ ಕುಂಬಳೆಯ ನನ್ನ ಮನೆಗೆ ಬಂದು, ಚಪ್ಪಲಿಯನ್ನೂ ಕಳಚದೆ, "ನೀನು ಎಂತ ಹೇಳ್ತಿ?" ನಾನು ಕೂರಿಸಿ ಎಂದರೆ ಬಿಚ್ಚುವುದಕ್ಕೆ ಕಾರಣ ಹೇಳುತ್ತಿದ್ದರು. ಬಿಚ್ಚಿ ಎಂದರೆ, "ನಿನಗೆ ಬಾಯಿ ಹೇಗೆ ಬಂತು?" ನನಗೂ ಸಿಟ್ಟು ಬಾರದೆ ಇರುತ್ತದೆಯೇ? "ಹಾಗಾದರೆ ನನ್ನನ್ನು ಕೇಳುವುದು ಯಾಕೆ?" ಎಂದೆ. "ನಿನ್ನನ್ನು ಯಾರು ಕೇಳಿದ್ದು? ನಾನು ಜೋರಾಗಿ ಯೋಚನೆ ಮಾಡಿದ್ದು" ಎಂದು ಹೊರಟೇ ಹೋದರು.

ಕೊನೆಗೆ ಜೋಯಿಸರ ಬಳಿ ಪ್ರಶ್ನೆ ಕೇಳಲಿಕ್ಕೂ ಹೋದರು. ಜೋಯಿಸರು ಕಣ್ಣು ಮುಚ್ಚಿ "ಯಾರ ವಿಷಯ? ಹುಟ್ಟಿದ ದಿನ?" ಎಂದಾಗ ಭಾವ ಜೀಪಿನ ರಿಜಿಸ್ಟ್ರೇಷನ್ ದಿನ ಹೇಳಿದರು. ಜೋಯಿಸರು ಪಾಪ, ಗ್ರಹಗಳನ್ನೆಲ್ಲ ಲೆಕ್ಕ ಹಾಕಿ, "ಹೊಟ್ಟೆಯ ಭಾಗದಲ್ಲಿ ತೊಂದರೆ ಕಾಣುತ್ತದೆ, ಎಣ್ಣೆ ಪದಾರ್ಥ ಕಡಿಮೆ ಮಾಡಬೇಕು" ಎಂದರಂತೆ. "ಕಡಿಮೆಯಾದದ್ದಕ್ಕೇ ಅಲ್ವಾ ಹೀಗಾದ್ದು!" ಎಂದು ಭಾವ ಎದ್ದು ಬಂದರು. ಎದ್ದು ಬಂದರು ಎಂದದ್ದು ತಪ್ಪು. ಅಲ್ಲೂ ಅವರು ಕುಳಿತಿರಲಿಲ್ಲವಂತೆ.

ಪಾರ್ಟ್ ಕೇಳಿ ಬಂದವರ ಗತಿ ಕೇಳಬೇಡಿ. ಗೇರ್ ಬಾಕ್ಸಿನ ಮಾತಾಡಲು ಮನೆಗೆ ಬಂದ ಒಬ್ಬ ಡ್ರೈವರನ್ನು ಭಾವ ಹೆಣ್ಣು ನೋಡಲು ಬಂದವನ ಹಾಗೆ ವಿಚಾರಿಸಿದರು. ಮನೆ ಎಲ್ಲಿ, ದಾರಿ ಹೇಗೆ, ಕುಡಿಯುವ ಅಭ್ಯಾಸ ಉಂಟಾ? ಸಾಲದ್ದಕ್ಕೆ ಅವನ ಜೀಪು ಹತ್ತಿ ಒಂದು ಸುತ್ತು ಹೋಗಿಬಂದರು. ಇಳಿದವರೇ, "ಏರಿನಲ್ಲಿ ಕ್ಲಚ್ಚಿನ ಮೇಲೆ ಕಾಲಿಟ್ಟು ನಿದ್ದೆ ಮಾಡ್ತೀಯಲ್ಲ, ನಿನಗೆ ಕೊಡುವುದಿಲ್ಲ" ಎಂದು ಗೇಟು ಹಾಕಿದರು.

ಇಷ್ಟೆಲ್ಲ ಆದಮೇಲೆ ಅಕ್ಕ ನನ್ನನ್ನು ಮುಂದೆ ಬಿಟ್ಟಳು. ನಾನು ಮೆಲ್ಲಗೆ, "ಅರುವತ್ತು ದಾಟಿತಲ್ಲ ಭಾವ, ಇನ್ನು ಮನೆಯಲ್ಲಿ ಆರಾಮ ಇರಬಹುದಲ್ಲ?" ಎಂದೆ. ನಡೆಯುತ್ತಿದ್ದವರು ನಿಂತರು.

"ಜೀಪಿಲ್ಲದಿದ್ದರೆ ನಾನು ಕುಂಬಳೆಗೆ ಹೋಗುವುದು ಎಂತಕ್ಕೆ? ಹೋದರೂ ಅಲ್ಲಿ ನನ್ನನ್ನು ಯಾರು ಕೇಳ್ತಾರೆ, ಹೇಳು."

ನಗುತ್ತ ಬಂದವಳು ನಗಲಾರದೆ ಹೋದೆ.

ಅದೇ ವಾರ ಮೋನುಚ್ಚನ ಜೀಪೂ ಅದೇ ಗ್ಯಾರೇಜಿಗೆ ಬಂದು ಬಿತ್ತು! ಅವರ ಮನೆ ಕಡಲ ಬದಿಯಲ್ಲಿ. ಉಪ್ಪುಗಾಳಿಗೆ ಚಾಸಿಸ್ಸೂ ಬಾಡಿಯೂ ಹಪ್ಪಳದ ಹಾಗಾಗಿ, ಆರ್‌ಟಿಓದವರು ಫಿಟ್‌ನೆಸ್ ಸರ್ಟಿಫಿಕೇಟು ಕೊಡುವುದಿಲ್ಲ ಎಂದಿದ್ದರು. ಎಂಜಿನ್ ಮಾತ್ರ ಗಟ್ಟಿಮುಟ್ಟು. ಮೆಕ್ಯಾನಿಕ್ ಇಬ್ಬರನ್ನೂ ಕರೆದು, "ಎರಡು ಸೇರಿ ಒಂದು ಒಳ್ಳೆಯ ಜೀಪು ಆಗ್ತದೆ. ಯಾರ ಎಂಜಿನ್ನೋ ಯಾರ ಬಾಡಿಯೋ, ಮದುವೆ ಮಾಡಿಸಿಬಿಡುವ" ಎಂದ. ಒಳ್ಳೆಯ ಮಾತೇ. ಆದರೆ ಆ ಜೀಪು ನಿಲ್ಲುವುದು ಯಾರ ಅಂಗಳದಲ್ಲಿ?

ಆ ದಿನ ನಾನೂ ಇದ್ದೆ. ಇಬ್ಬರೂ ತುಳುವಿನಲ್ಲಿ ಶುರುಮಾಡಿ, ಬಿಸಿ ಏರಿದ ಮೇಲೆ ಮಲೆಯಾಳಕ್ಕೆ ಹಾರಿದರು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿರುವುದರಿಂದ ಖಾರ ಸ್ವಲ್ಪ ಕಡಿಮೆಯಾಗಿದ್ದರೆ ಕ್ಷಮಿಸಿ.

"ಎಂಜಿನ್ ಗಂಡು, ಬಾಡಿ ಹೆಣ್ಣು. ಅಷ್ಟು ಒಪ್ತೀಯಾ?" ಎಂದರು ಭಾವ.

"ಒಪ್ಪಿದೆ" ಎಂದರು ಮೋನುಚ್ಚ.

"ಮತ್ತೆಂತ? ನಮ್ಮಲ್ಲಿ ಮದುವೆಯಾದರೆ ಹೆಣ್ಣು ಗಂಡಿನ ಮನೆಗೆ ಹೋಗುವುದು. ನಿನ್ನ ಹಾಗೆ ಹೆಂಡತಿ ಮನೆಯಲ್ಲಿ ಬಿಡಾರ ಹೂಡುವುದಲ್ಲ!"

ಮೋನುಚ್ಚನ ಮುಖ ಕೆಂಪಾಯಿತು. ಮದುವೆಯಾದಂದಿನಿಂದ ಅವರಿರುವುದು ಹೆಂಡತಿಯ ಮನೆಯಲ್ಲೇ, ಅವರ ಸಮುದಾಯದಲ್ಲಿ ಅದೇ ಕ್ರಮ, ಅದೇ ಮರ್ಯಾದೆ. "ನಮ್ಮ ಕ್ರಮಕ್ಕೆ ಎಂತ ಆಗಿದೆ? ಪುದಿಯಾಪ್ಲ, ಅಂದರೆ ಮದುಮಗ, ಹೆಣ್ಣಿನ ಮನೆಗೆ ಹೋಗಬೇಕು. ಹೋಗಿ ರಾಜನ ಹಾಗೆ ಇರಬೇಕು. ನಾನು ಹೇಳಿದ್ದು ಹೇಳಿದ್ದೇ!"

ಮೆಕ್ಯಾನಿಕ್ ಬೆರಳು ಮಡಚಿ ಲೆಕ್ಕ ಹಾಕಿ ಕಿಸಕ್ಕನೆ ನಕ್ಕ. ಭಾವನ ಮಾತಿನಂತೆ ನಡೆದರೆ ಭಾವನ ಬಾಡಿ ಮೋನುಚ್ಚನ ಅಂಗಳಕ್ಕೆ! ಮೋನುಚ್ಚನ ಮಾತಿನಂತೆ ನಡೆದರೆ ಮೋನುಚ್ಚನ ಎಂಜಿನ್ ಭಾವನ ಅಂಗಳಕ್ಕೆ! ಮರ್ಯಾದೆಯ ಭರದಲ್ಲಿ ಇಬ್ಬರೂ ತಮ್ಮ ತಮ್ಮ ಜೀಪನ್ನು ಎದುರಾಳಿಗೆ ಧಾರೆಯೆರೆದು ಕೊಟ್ಟಿದ್ದರು. ತಿಳಿದದ್ದೇ ತಡ, ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ಬೇರೆ ಬೇರೆ ಬಸ್ಸು ಹಿಡಿದು ಹೊರಟೇ ಹೋದರು.

ಕೆಲವು ದಿನಗಳ ಮೇಲೆ ಮೋನುಚ್ಚ ಗ್ಯಾರೇಜಿಗೆ ಫೋನು ಮಾಡಿ, "ಪುದಿಯಾಪ್ಲನನ್ನು ಆ ಜೀಪಿಗೇ ಕೂರಿಸು" ಎಂದರಂತೆ. ಭಾವನ ಸಂಭ್ರಮ ಕೇಳಬೇಕೇ! "ನೋಡಿದಿಯಾ, ಹೇಗೆ ಮಾತಿನಲ್ಲಿ ಹಿಡಿದೆ!" ಎಂದು ಊರಿಡೀ ಹೇಳಿಕೊಂಡು ತಿರುಗಿದರು.

ಎಂಜಿನ್ ಕೂತಿತು, ಕಾಗದಪತ್ರವೂ ಸರಿಯಾಯಿತು, ಜೀಪು ರಸ್ತೆಗಿಳಿಯಿತು. ಆಗ ಶುರುವಾಯಿತು ಹೊಸ ತಲೆನೋವು. ಆ ಎಂಜಿನ್ನಿನ ಸದ್ದು ಸ್ವಲ್ಪ ಬೇರೆ, ಗಂಟಲಿನಲ್ಲಿ ಏನೋ ಸಿಕ್ಕಿದವರ ಹಾಗೆ. ಮೂವತ್ತು ವರ್ಷಗಳಿಂದ, ಬೆನ್ನ ಹಿಂದೆ ಆ ಸದ್ದು ಕೇಳಿದೊಡನೆ, ಮೋನುಚ್ಚ ಮುಂದೆ ಹೋಗಬಾರದೆಂದು ಭಾವ ಆಕ್ಸಿಲರೇಟರ್ ಒತ್ತಿದವರು. ಈಗಲೂ ಕಾಲು ತಾನಾಗಿ ಒತ್ತುತ್ತದೆ. ಒತ್ತಿದಷ್ಟೂ ಸದ್ದು ಹತ್ತಿರವೇ! ಜನವಿದ್ದಲ್ಲೂ ನಿಲ್ಲಿಸದೆ ಓಡಿಸಿ, ಖಾಲಿ ಜೀಪಿನಲ್ಲಿ ಗುಡ್ಡ ಹತ್ತಿ ಬಂದರಂತೆ. ಇನ್ನು ನಿಂತಲ್ಲೆಲ್ಲ ಜನರ ಪ್ರಶ್ನೆ: "ಸದ್ದು ಕೇಳಿ ಮೋನುಚ್ಚ ಬಂದರು ಅಂತ ಎಣಿಸಿದೆವು. ಅವರೆಲ್ಲಿ?" ಭಾವ ಹಲ್ಲು ಕಡಿಯುತ್ತಿದ್ದರು.

ಮೊನ್ನೆ ಬೆಳಿಗ್ಗೆ ಅಕ್ಕನ ಮನೆಗೆ ಹೋಗಲು ನಾನು ಕುಂಬಳೆಯಲ್ಲಿ ಭಾವನ ಖಾಲಿ ಜೀಪು ಹತ್ತಿ ಮುಂದೆ ಕುಳಿತೆ. ಗುಡ್ಡದ ದಾರಿ ಹಿಡಿಯಬೇಕಾದ ಜೀಪು ಹೈವೇ ಹತ್ತಿ ಉಪ್ಪಳದ ಕಡೆಗೆ ಓಡಿತು.

"ಭಾವ, ಎಲ್ಲಿಗೆ?"

"ಸುಮ್ಮನೆ ಕೂತ್ಕೊ."

ಕಡಲ ಬದಿಯ ಒಂದು ಮನೆಯ ಗೇಟಿನ ಮುಂದೆ ನಿಲ್ಲಿಸಿದರು. ಹಾರ್ನ್ ಹೊಡೆಯಲಿಲ್ಲ, ಎಂಜಿನ್ ಬಂದ್ ಮಾಡಲೂ ಇಲ್ಲ. ಮೋನುಚ್ಚ ಗೋಡೆ ಮುಟ್ಟಿಕೊಂಡು ಹೊರಗೆ ಬಂದರು. ಕಪ್ಪು ಕನ್ನಡಕ. ಬಾನೆಟ್ಟಿನ ಮೇಲೆ ಅಂಗೈ ಇಟ್ಟು ಕಿವಿಗೊಟ್ಟರು.

"ಟ್ಯಾಪೆಟ್ ಸದ್ದು ಬರ್ತಾ ಉಂಟಲ್ಲ, ನಿನಗೆ ಕಿವಿ ಇಲ್ವಾ?"

"ನಿನಗೆ ಎಂತ ಆಯ್ತು, ಅದು ಹೇಳು."

"ಕಣ್ಣು. ಇನ್ನು ಸ್ಟೇರಿಂಗ್ ಮುಟ್ಟಬೇಡ ಅಂತ ಡಾಕ್ಟರ್ ಹೇಳಿದ್ದಾರೆ. ಮದುವೆಯ ಕ್ರಮವೂ ಇಲ್ಲ, ಮಣ್ಣೂ ಇಲ್ಲ ಮಾರಾಯ. ನನ್ನದು ಮುಗಿಯಿತು. ಎಂಜಿನ್ ಆದರೂ ಓಡಲಿ ಅಂತ ಕೊಟ್ಟದ್ದು."

ಭಾವ ನನ್ನ ಕಡೆ ತಿರುಗಿ ಹಿಂದಿನ ಸೀಟಿಗೆ ಹೋಗುವಂತೆ ಸನ್ನೆ ಮಾಡಿದರು. ಇಳಿದು ಹೋಗಿ ಮೋನುಚ್ಚನ ಕೈ ಹಿಡಿದು, ಆ ಅಜ್ಜಿಯನ್ನು ಎಳೆದದ್ದಕ್ಕಿಂತಲೂ ಜೋರಾಗಿ ಎಳೆದರು.

"ಹತ್ತು."

"ಎಲ್ಲಿಗೆ? ನನಗೆ ಅಲ್ಲಿ ಎಂತ ಕೆಲಸ?"

"ಕೆಲಸ ಎಂತದೂ ಇಲ್ಲ. ಕುಂಬಳೆಯಿಂದ ಗುಡ್ಡದ ತುದಿಯವರೆಗೆ ಎಲ್ಲರೂ ಕೇಳುವುದು ನಿನ್ನನ್ನೇ. ದಿನಾ ಉತ್ತರ ಹೇಳಿ ಹೇಳಿ ನನಗೆ ಸಾಕಾಯ್ತು. ನೀನೇ ಬಂದು ಹೇಳು."

ಮೋನುಚ್ಚ ಹತ್ತಿದರು. ನಾನು ಹಿಂದೆ ಕುಳಿತು ಸೆರಗಿನಿಂದ ಕಣ್ಣೊರೆಸಿಕೊಂಡೆ. ಮುಂದೆ ಇಬ್ಬರೂ ಆಗಲೇ ಜಗಳ ಶುರುಮಾಡಿದ್ದರು. ಮೊದಲು ಎಲ್ಲಿ ನಿಲ್ಲಿಸಬೇಕು, ಯಾರನ್ನು ಹತ್ತಿಸಿಕೊಳ್ಳಬೇಕು ಎಂದು.